ಬೇಸಿಗೆ ರಜೆ, ಮದುವೆ ಮನೆ ಮತ್ತು ಮದ್ಯ: ಕ್ರೈಸ್ತ ಕುಟುಂಬಗಳಿಗೆ ಒಂದು ಮಾರ್ಗದರ್ಶಿ

ಎಫೆಸದವರಿಗೆ ಬರೆದ ಪತ್ರಿಕೆಯ ಐದನೇ ಅಧ್ಯಾಯವನ್ನು ತೆರೆದು 16ರಿಂದ 19ರವರೆಗಿನ ವಚನಗಳನ್ನು ಒಟ್ಟಿಗೆ ಓದಿ. ಕಾಲವನ್ನು ವ್ಯರ್ಥವಾಗಿ ಕಳೆಯಬೇಡಿ ಎನ್ನುತ್ತಾನೆ ಪೌಲನು. ಎರಡು ವಚನ ದಾಟುವಷ್ಟರಲ್ಲಿ ಮದ್ಯ ಕುಡಿದು ಮತ್ತರಾಗಬೇಡಿ ಎನ್ನುತ್ತಾನೆ. ಮರುವಚನದಲ್ಲೇ ಕೀರ್ತನೆ, ಸ್ತುತಿಪದ, ಹಾಡುಗಳ ಮಾತು ಬರುತ್ತದೆ. ಕಾಲ, ಕುಡಿತ, ಹಾಡು ಮೂರೂ ಒಂದೇ ಕಡೆ ಇವೆ. ನಮ್ಮ ಸಭೆಗಳಲ್ಲಿ ಇವನ್ನು ಬೇರೆ ಬೇರೆ ಮಾಡಿಬಿಟ್ಟಿದ್ದೇವೆ. ಬೇಸಿಗೆ ಬಂತೆಂದರೆ ಚಿಕ್ಕ ಮಕ್ಕಳಿಗೆ ವಿ.ಬಿ.ಎಸ್. (ರಜಾಕಾಲದ ಬೈಬಲ್ ಶಾಲೆ), ಕುಡಿತದ ಬಗ್ಗೆ ಯಾವಾಗಲೋ ಒಂದು ಪ್ರಸಂಗ. ಪಿಯುಸಿ ಪರೀಕ್ಷೆ ಮುಗಿಸಿದ ಹುಡುಗ, ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ಅಣ್ಣ, ಕೊಲ್ಲಿ ದೇಶದಿಂದಲೋ ಬೆಂಗಳೂರಿನಿಂದಲೋ ರಜೆಗೆಂದು ಊರಿಗೆ ಬಂದ ಚಿಕ್ಕಪ್ಪ, ಇವರು ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ಒಮ್ಮೆ ಯೋಚಿಸಿ ನೋಡಿ. ಪರೀಕ್ಷೆ ಮುಗಿದಿರುತ್ತದೆ, ಮುಂದಿನ ಕಾಲೇಜು ಇನ್ನೂ ಆರಂಭವಾಗಿರುವುದಿಲ್ಲ. ಲೆಂಟ್, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ತಡೆದಿದ್ದ ಮದುವೆಗಳೆಲ್ಲ ಈಸ್ಟರ್ ಮುಗಿಯುತ್ತಲೇ ಸಾಲುಗಟ್ಟುತ್ತವೆ. ವರ್ಷಕ್ಕೊಮ್ಮೆ ಕಾಣುವ ದಾಯಾದಿಗಳು ಒಂದೇ ಮನೆಯಲ್ಲಿ ಸೇರುತ್ತಾರೆ. ಕೈಯಲ್ಲಿ ಸ್ವಲ್ಪ ದುಡ್ಡು, ಬೇಕಾದಷ್ಟು ಹೊತ್ತು, ಪಕ್ಕದಲ್ಲಿ ಹುರಿದುಂಬಿಸುವ ಬಂಧು ಇದ್ದಾಗ ಮೊದಲ ಗ್ಲಾಸ್ ಕೈಗೆ ಬರುವುದು ಸುಲಭ. ಆದ್ದರಿಂದ ರಜೆಯನ್ನು ಹೇಗೆ ಕಳೆಯಬೇಕು ಎಂಬುದನ್ನೂ ಕುಡಿತದಿಂದ ಹೇಗೆ ದೂರವಿರಬೇಕು ಎಂಬುದನ್ನೂ ಒಂದೇ ಪ್ರಶ್ನೆಯಾಗಿ ಎತ್ತಿಕೊಂಡರೆ ಮಾತ್ರ ಪ್ರಯೋಜನ ಎಂದು ನಾನು ದೃಢವಾಗಿ ನಂಬಿದ್ದೇನೆ. 'ಕುಡಿಯಬೇಡ' ಎಂಬ ಮಾತು ಸರಿಯೇ. ಆ ಸಂಜೆ ಏನು ಮಾಡಬೇಕೆಂದು ಹೇಳದಿದ್ದರೆ ಆ ಮಾತಿಗೆ ಬಲವಿಲ್ಲ.

ಮೊದಲು ವಿಶ್ರಾಂತಿ, ಆಮೇಲೆ ಸಂಜೆಯ ಕಾವಲು

ರಜೆಯ ಸದುಪಯೋಗ ಎಂದರೆ ಮಕ್ಕಳನ್ನು ಒಂದು ಶಿಬಿರದಿಂದ ಇನ್ನೊಂದು ಶಿಬಿರಕ್ಕೆ ಓಡಿಸುವುದು ಎಂದು ಕೆಲವು ತಂದೆತಾಯಂದಿರು ತಿಳಿದಿದ್ದಾರೆ. ಹಾಗೆ ಮಾಡಬೇಡಿ. ಊಟಕ್ಕೂ ಬಿಡುವಿಲ್ಲದಷ್ಟು ದುಡಿದ ಶಿಷ್ಯರನ್ನು ಯೇಸುವೇ ಏಕಾಂತ ಸ್ಥಳಕ್ಕೆ ಕರೆದು, ಸ್ವಲ್ಪ ದಣಿವಾರಿಸಿಕೊಳ್ಳಿ ಎಂದದ್ದು ಮಾರ್ಕನ ಸುವಾರ್ತೆಯ ಆರನೇ ಅಧ್ಯಾಯದಲ್ಲಿದೆ. ಪರೀಕ್ಷೆ ಮುಗಿಸಿದ ಮಗುವಿಗೆ ಮೊದಲ ವಾರ ನಿದ್ರೆ, ಆಟ, ಅಜ್ಜಿಮನೆ ಸಾಕು.

ಆದರೆ ದಣಿವಾರಿಸಿಕೊಳ್ಳುವುದಕ್ಕೂ ಸುಮ್ಮನೆ ಬಿದ್ದಿರುವುದಕ್ಕೂ ವ್ಯತ್ಯಾಸವಿದೆ. 2 ಸಮುವೇಲ 11ನೇ ಅಧ್ಯಾಯ ಅದನ್ನು ತೋರಿಸುತ್ತದೆ. ಅರಸರು ಯುದ್ಧಕ್ಕೆ ಹೊರಡುವ ಕಾಲ ಬಂದಾಗ ದಾವೀದನು ಯೋವಾಬನನ್ನೂ ಸೈನ್ಯವನ್ನೂ ಕಳುಹಿಸಿ ತಾನು ಯೆರೂಸಲೇಮಿನಲ್ಲೇ ಉಳಿದನು. ಸಂಜೆ ಹಾಸಿಗೆಯಿಂದ ಎದ್ದು ಅರಮನೆಯ ಮಾಳಿಗೆಯ ಮೇಲೆ ತಿರುಗಾಡಿದನು. ಬತ್ಷೆಬೆಯ ಪ್ರಸಂಗ ಎಲ್ಲರಿಗೂ ಗೊತ್ತು. ಹೆಚ್ಚಿನವರು ಗಮನಿಸದೆ ಬಿಡುವುದು 13ನೇ ವಚನವನ್ನು: ತನ್ನ ಪಾಪವನ್ನು ಮುಚ್ಚಿಕೊಳ್ಳಲು ದಾವೀದನು ಅವಳ ಗಂಡ ಊರೀಯನನ್ನು ಊಟಕ್ಕೆ ಕರೆದು, ಕುಡಿಸಿ ಮತ್ತನನ್ನಾಗಿ ಮಾಡಿದನು. ಕೆಲಸವಿಲ್ಲದ ಸಂಜೆಯಿಂದ ಆರಂಭವಾದದ್ದು ದ್ರಾಕ್ಷಾರಸದ ಬಟ್ಟಲನ್ನು ಹಾದು ಕೊಲೆಯವರೆಗೆ ಹೋಯಿತು.

ಆದ್ದರಿಂದ ದಿನವಿಡೀ ವೇಳಾಪಟ್ಟಿ ಹಾಕಬೇಡಿ, ಸಂಜೆ ಐದರಿಂದ ಎಂಟರವರೆಗಿನ ಹೊತ್ತನ್ನು ಹಿಡಿದುಕೊಳ್ಳಿ. ಆ ಮೂರು ಗಂಟೆ ಹದಿಹರೆಯದ ಮಗ ಎಲ್ಲಿರುತ್ತಾನೆ, ಯಾರ ಜೊತೆ ಇರುತ್ತಾನೆ ಎಂದು ನಿಮಗೆ ಗೊತ್ತಿರಬೇಕು. ಗದರಿಸಿ ತಿಳಿದುಕೊಳ್ಳುವುದಲ್ಲ. ವಾಲಿಬಾಲ್, ಕ್ವಾಯರ್ ಅಭ್ಯಾಸ, ತೋಟಕ್ಕೆ ನೀರು ಬಿಡುವುದು, ಅಜ್ಜನನ್ನು ವಾಕಿಂಗ್ ಕರೆದೊಯ್ಯುವುದು, ಯಾವುದಾದರೂ ಆಗಲಿ, ಅವನು ಬರದಿದ್ದರೆ ಯಾರೋ ಒಬ್ಬರು 'ಎಲ್ಲಿ ಹೋದ?' ಎಂದು ಕೇಳುವಂತಹ ಕೆಲಸವಾಗಿರಲಿ.

ಕ್ಯಾಲೆಂಡರ್ ಮುಂದಿಟ್ಟುಕೊಂಡು ಕುಳಿತುಕೊಳ್ಳಿ

ಏಪ್ರಿಲ್ ಮೊದಲ ವಾರ ಒಂದು ರಾತ್ರಿ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಕ್ಯಾಲೆಂಡರ್ ನೋಡಿ. ಯಾವ ವಾರ ವಿ.ಬಿ.ಎಸ್., ಯಾವ ವಾರ ಊರಿಗೆ, ಯಾವ ದಿನ ಯಾರ ಮದುವೆ ಎಂದು ಬರೆಯಿರಿ. ಮಕ್ಕಳಿಗೂ ಮಾತನಾಡಲು ಬಿಡಿ. ತಾನೇ ಒಪ್ಪಿದ ಕೆಲಸವನ್ನು ಮಗ ಮಾಡುತ್ತಾನೆ, ಅಪ್ಪ ಹೇರಿದ್ದನ್ನು ಮೂರನೇ ದಿನಕ್ಕೆ ಬಿಡುತ್ತಾನೆ. ಮೊಬೈಲಿನ ಬಗ್ಗೆಯೂ ಆಗಲೇ ನಿರ್ಧರಿಸಿ. ರಾತ್ರಿ ಹತ್ತರ ನಂತರ ಎಲ್ಲರ ಫೋನ್ ಒಂದೇ ಕಡೆ ಚಾರ್ಜಿಗೆ ಇರಲಿ, ಅಪ್ಪನದೂ ಸೇರಿ.

ಬೈಬಲ್ ಓದಿಗೆ ಮೇ ತಿಂಗಳು ತುಂಬ ಅನುಕೂಲ. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯಗಳಿವೆ, ಮೇ ತಿಂಗಳಿಗೂ 31 ದಿನ. ದಿನಕ್ಕೊಂದು ಅಧ್ಯಾಯ, ಸರದಿಯಂತೆ ಮನೆಯ ಒಬ್ಬೊಬ್ಬರು ಗಟ್ಟಿಯಾಗಿ ಓದಲಿ. ಹೀಗೆ ಓದುತ್ತಾ ಹೋದರೆ ಮೇ 23ರಂದು 23ನೇ ಅಧ್ಯಾಯ ಬರುತ್ತದೆ, ಮದುವೆಗಳ ನಡುವೆ. ಆ ಅಧ್ಯಾಯದ ಕೊನೆಯ ಏಳು ವಚನಗಳಿಗಿಂತ ಕಟುವಾಗಿ ಕುಡುಕನ ಸ್ಥಿತಿಯನ್ನು ಬರೆದದ್ದನ್ನು ನಾನು ಓದಿಲ್ಲ. ಯಾರಿಗೆ ಗೋಳು, ಯಾರಿಗೆ ಜಗಳ, ಯಾರಿಗೆ ಕಾರಣವಿಲ್ಲದ ಗಾಯ, ಯಾರಿಗೆ ಕೆಂಪು ಕಣ್ಣು ಎಂದು ಕೇಳುತ್ತಾ ಹೋಗುತ್ತದೆ. ಬಟ್ಟಲಲ್ಲಿ ಮಿನುಗುವ ದ್ರಾಕ್ಷಾರಸ ಕಡೆಗೆ ಹಾವಿನಂತೆ ಕಚ್ಚುತ್ತದೆ ಎನ್ನುತ್ತದೆ. ಕೊನೆಯ ವಚನದಲ್ಲಿ ಕುಡುಕನೇ ಮಾತನಾಡುತ್ತಾನೆ: ನನ್ನನ್ನು ಹೊಡೆದರು, ನೋವಾಗಲಿಲ್ಲ, ನನಗೆ ಎಚ್ಚರವಾಗುವುದು ಯಾವಾಗ? ಮತ್ತೆ ಅದನ್ನೇ ಹುಡುಕಿಕೊಂಡು ಹೋಗುತ್ತೇನೆ. ಅಲ್ಲಿಗೆ ನಿಲ್ಲಿಸಿ. ಆ ದಿನ ಅಪ್ಪ ಪ್ರಸಂಗ ಮಾಡುವುದು ಬೇಡ. 'ಇದನ್ನು ಬರೆದವರು ಯಾರನ್ನು ನೋಡಿ ಬರೆದಿರಬಹುದು?' ಎಂದು ಮಕ್ಕಳನ್ನೇ ಕೇಳಿ, ಅವರು ಹೇಳುವುದನ್ನು ಕೇಳಿಸಿಕೊಳ್ಳಿ. ತಮ್ಮ ತರಗತಿಯಲ್ಲಿ, ಬೀದಿಯಲ್ಲಿ ನೋಡಿದ್ದನ್ನು ಅವರು ಹೇಳತೊಡಗಿದರೆ ಆ ಓದು ಸಾರ್ಥಕವಾಯಿತು.

ವಿ.ಬಿ.ಎಸ್.ನಲ್ಲಿ ದೊಡ್ಡ ಮಕ್ಕಳಿಗೂ ಜಾಗ ಕೊಡಿ

ವಿ.ಬಿ.ಎಸ್. ಚರಿತ್ರೆಯಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ತಾಕುವ ಒಂದು ಸಂಗತಿ ಇದೆ. 1898ರ ಬೇಸಿಗೆಯಲ್ಲಿ ನ್ಯೂಯಾರ್ಕ್‌ನ ಈಸ್ಟ್ ಸೈಡ್‌ನ ಬಡ ಮಕ್ಕಳು ಬೀದಿಯಲ್ಲಿ ಅಲೆಯುವುದನ್ನು ಕಂಡ ಶ್ರೀಮತಿ ಹಾಸ್ ಎಂಬ ಬ್ಯಾಪ್ಟಿಸ್ಟ್ ಸಭೆಯ ಮಹಿಳೆ ಅವರಿಗಾಗಿ ರಜಾಕಾಲದ ಬೈಬಲ್ ಶಾಲೆ ತೆರೆದರು. ಅದಕ್ಕೆಂದು ಅವರು ಬಾಡಿಗೆಗೆ ಹಿಡಿದ ಜಾಗ ಒಂದು ಬಿಯರ್ ಅಂಗಡಿ. ಹಾಡು, ಬೈಬಲ್ ಕಥೆ, ಕೈಕೆಲಸ, ಆಟ ಎಲ್ಲವೂ ಅಲ್ಲಿಯೇ ನಡೆದವು.

ಇಂದು ನಮ್ಮಲ್ಲಿ ವಿ.ಬಿ.ಎಸ್. ಎಂದರೆ ಅಭಿನಯ ಗೀತೆ, ಬಣ್ಣದ ಪುಸ್ತಕ, ಕಂಠಪಾಠದ ವಾಕ್ಯ, ಬಿಸ್ಕತ್ತು, ಸಮಾರೋಪದ ದಿನದ ಕಾರ್ಯಕ್ರಮ. ಹತ್ತನೇ ತರಗತಿ ದಾಟಿದವರಿಗೆ ಅಲ್ಲಿ ಬೆಂಚಿಲ್ಲ. ಅವರನ್ನು ವಿದ್ಯಾರ್ಥಿಗಳಾಗಿ ಕೂರಿಸಲೂಬೇಡಿ, ಕೆಲಸ ಕೊಡಿ. ಹಾಜರಿ ಪುಸ್ತಕ ಒಬ್ಬನಿಗೆ, ಕೀಬೋರ್ಡ್ ಒಬ್ಬಳಿಗೆ, ತಿಂಡಿಯ ಲೆಕ್ಕ ಒಬ್ಬನಿಗೆ, ಐದಾರು ಚಿಕ್ಕ ಮಕ್ಕಳ ಗುಂಪು ಒಬ್ಬಳಿಗೆ. ಅದಕ್ಕೆ ಮೊದಲು ಎರಡು ಸಂಜೆ ತರಬೇತಿ ನಡೆಸಿ. ಒಬ್ಬ ದೊಡ್ಡವರು ಒಂದು ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಇರಬಾರದು ಎಂಬ ನಿಯಮವನ್ನು ಆ ತರಬೇತಿಯಲ್ಲೇ ಹೇಳಿ, ಎಲ್ಲರಿಗೂ ಅನ್ವಯಿಸಿ. ಚಿಕ್ಕ ಮಕ್ಕಳು 'ಅಣ್ಣಾ' ಎಂದು ಕರೆಯುತ್ತಾ ಹಿಂದೆ ಹಿಂದೆ ಓಡುವ ಹುಡುಗ ಆ ಸಂಜೆ ಬಾರಿನ ಬಾಗಿಲಲ್ಲಿ ನಿಲ್ಲಲು ಹಿಂಜರಿಯುತ್ತಾನೆ.

ಹಾಡನ್ನೂ ಬಿಡಬೇಡಿ, ಪೌಲನು ಮದ್ಯದ ಮಾತು ಮುಗಿಯುತ್ತಲೇ ಹಾಡಿಗೆ ಬಂದದ್ದಕ್ಕೆ ಅರ್ಥವಿದೆ. ಪಾಶ್ಚಾತ್ಯ ರಾಗಗಳ ಸಂಗೀತಗಳೂ ನಮ್ಮ ನೆಲದ ಧಾಟಿಯ ಭಜನೆ, ಕೀರ್ತನೆಗಳೂ ನಮ್ಮಲ್ಲಿವೆ. ಅಜ್ಜಿಗೆ ಧಾಟಿ ಗೊತ್ತು, ಮೊಮ್ಮಗಳಿಗೆ ಗಿಟಾರ್ ಗೊತ್ತು. ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ. ಅಜ್ಜಿಗೆ ಬಾಯಿಪಾಠವಿದ್ದು ಪುಸ್ತಕದಲ್ಲಿ ಇಲ್ಲದ ಚರಣಗಳಿದ್ದರೆ ಬರೆದುಕೊಳ್ಳಿ.

ಮದುವೆ ಮನೆಯಲ್ಲಿ

ಇಲ್ಲಿ ಹೆಚ್ಚು ಎಚ್ಚರ ಬೇಕು, ಹೆಚ್ಚು ಧೈರ್ಯವೂ ಬೇಕು. ಎಷ್ಟೋ ಮನೆಗಳಲ್ಲಿ ಸಭಾಪಾಲಕರು ಊಟ ಮುಗಿಸಿ ಹೊರಡುವವರೆಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಆಮೇಲೆ ಕಾರುಗಳ ಡಿಕ್ಕಿ ತೆರೆಯುತ್ತದೆ. ಕರಾವಳಿಯ ಕಥೋಲಿಕ ಮನೆಗಳಲ್ಲಿ ಮದುವೆಯ ಹಿಂದಿನ ಸಂಜೆಯ ರೋಸ್ (ತೆಂಗಿನ ಹಾಲು ಹಚ್ಚುವ ಶಾಸ್ತ್ರ) ಇರಬಹುದು, ಬಯಲುಸೀಮೆಯ ಮನೆಗಳಲ್ಲಿ ಚಪ್ಪರದ ರಾತ್ರಿ ಇರಬಹುದು, ಹುಡುಗರು ಮೊದಲ ಸಲ ಕುಡಿಯುವುದು ಹೆಚ್ಚಾಗಿ ಮದುವೆಯ ದಿನಕ್ಕಿಂತ ಅದರ ಹಿಂದಿನ ರಾತ್ರಿ.

ನೀವು ಮದುವೆ ನಡೆಸುವವರಾದರೆ, ಮದ್ಯ ಇರುವುದಿಲ್ಲ ಎಂಬ ಮಾತನ್ನು ನಿಶ್ಚಿತಾರ್ಥದ ಮಾತುಕತೆಯಲ್ಲೇ ಎರಡೂ ಕಡೆಯ ಹಿರಿಯರ ಮುಂದೆ ಹೇಳಿ. ಮದುವೆಯ ವಾರ ಹೇಳಿದರೆ ಜಗಳ, ಮೂರು ತಿಂಗಳು ಮುಂಚೆ ಹೇಳಿದರೆ ಅದು ಮನೆಯ ಪದ್ಧತಿ. ಹೊರೆಕಾಣಿಕೆಯಂತೆ ಬಾಟಲಿ ತರುವ ನೆಂಟರು ಯಾರೆಂದು ನಿಮಗೆ ಗೊತ್ತಿರುತ್ತದೆ. ಅವರಿಗೆ ಮನೆಯ ಹಿರಿಯರೇ ಫೋನ್ ಮಾಡಿ, 'ಭಾವಾ, ಈ ಸಲ ದಯವಿಟ್ಟು ಬೇಡ, ಮಕ್ಕಳ ಮುಂದೆ ನಮಗೆ ಕಷ್ಟವಾಗುತ್ತದೆ' ಎಂದು ನೇರವಾಗಿ ಕೇಳಿಕೊಳ್ಳಲಿ. ದಾಯಾದಿ ಹುಡುಗರಿಗೆಂದು ಲಾಡ್ಜಿನಲ್ಲಿ ಪ್ರತ್ಯೇಕ ಕೋಣೆ ಹಿಡಿಯುವ ಅಭ್ಯಾಸವಿದ್ದರೆ, ಅದೇ ಕೋಣೆಯಲ್ಲಿ ಒಬ್ಬ ಮಾವನೋ ದೊಡ್ಡಪ್ಪನೋ ಮಲಗಲಿ. ಊಟ ತಡ ಮಾಡಬೇಡಿ. ಎಂಟಕ್ಕೆ ಬಡಿಸಬೇಕಾದ ಊಟ ಹತ್ತೂವರೆಗೆ ಬಂದರೆ ನಡುವಿನ ಹೊತ್ತನ್ನು ಹಸಿದ ಹುಡುಗರು ಹೇಗೆ ಕಳೆಯುತ್ತಾರೆ ಎಂದು ಹೇಳಬೇಕಾಗಿಲ್ಲ. ಮದುಮಗನ ಗೆಳೆಯರು ಪಾರ್ಟಿ ಕೇಳಿದರೆ ಹಣ ಕೊಟ್ಟು ಕಳುಹಿಸಬೇಡಿ, ಬೆಳಗ್ಗೆ ಒಂದು ಕ್ರಿಕೆಟ್ ಪಂದ್ಯ ಏರ್ಪಡಿಸಿ, ಹೊಟ್ಟೆ ತುಂಬ ಬಿರಿಯಾನಿ ಹಾಕಿ.

ಗ್ಲಾಸಿನಲ್ಲಿ ಕೊಡಲು ರುಚಿಯಾದದ್ದೇ ಇರಬೇಕು. ಬಣ್ಣದ ನೀರಿನಂತಹ ಜ್ಯೂಸ್ ಕೊಟ್ಟು, ಮದ್ಯವಿಲ್ಲದ ಮದುವೆ ಸಪ್ಪೆ ಎಂದು ಹೇಳಿಸಿಕೊಳ್ಳಬಾರದು. ಕರಾವಳಿಯಲ್ಲಿ ಏಪ್ರಿಲ್, ಮೇ ಪುನರ್ಪುಳಿಯ (ಕೋಕಂ ಹಣ್ಣಿನ) ಕಾಲ. ಹಣ್ಣನ್ನು ತೊಳೆದು ಒರೆಸಿ, ಬೀಜ ತೆಗೆದು, ಸಿಪ್ಪೆಯ ಎರಡರಷ್ಟು ತೂಕದ ಸಕ್ಕರೆಯನ್ನು ಗಾಜಿನ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆಯಂತೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗಿಡಿ. ದಿನಕ್ಕೊಮ್ಮೆ ಒಣಗಿದ ಸೌಟಿನಿಂದ ಕೆದಕಿ. ಎರಡನೇ ದಿನವೇ ಸಕ್ಕರೆ ಒದ್ದೆಯಾಗಿ ಕೆಂಪು ರಸ ತಳದಲ್ಲಿ ನಿಲ್ಲುತ್ತದೆ, ಒಂದು ವಾರದ ಹೊತ್ತಿಗೆ ಸಕ್ಕರೆ ಪೂರ್ತಿ ಕರಗಿ ಸಿಪ್ಪೆ ಸುಕ್ಕುಗಟ್ಟಿ ಮೇಲೆ ತೇಲುತ್ತದೆ. ಸೋಸಿ, ಹುರಿದ ಜೀರಿಗೆ ಪುಡಿ ಮತ್ತು ಚಿಟಿಕೆ ಉಪ್ಪು ಸೇರಿಸಿ ಬಾಟಲಿಗೆ ತುಂಬಿ. ಬಡಿಸುವಾಗ ತಣ್ಣೀರು ಬೆರೆಸಿದರೆ ಆಯಿತು. ನವದಂಪತಿಗಳಿಗೆ ಶುಭ ಕೋರಿ ಎತ್ತುವ ಗ್ಲಾಸಿಗೆ ಇದಕ್ಕಿಂತ ಚೆಂದದ ಬಣ್ಣ ಬೇಕಾಗಿಲ್ಲ. ಭರಣಿ ತುಂಬುವ ಕೆಲಸ ಮನೆಯ ಹುಡುಗರಿಗೇ ಕೊಡಿ. ಘಟ್ಟದ ಮೇಲಿನವರು ಮಾವಿನಕಾಯಿ ಪಾನಕ, ಶುಂಠಿ ಹಾಕಿದ ಮಜ್ಜಿಗೆ, ಎಳನೀರು ಕೊಡಬಹುದು.

ನೀವು ಅತಿಥಿಗಳಾಗಿ ಹೋದರೆ, ಹೊರಡುವ ಮೊದಲೇ ಉತ್ತರ ಸಿದ್ಧವಿರಲಿ. 'ಬೇಡ, ನಾನು ಕುಡಿಯುವುದಿಲ್ಲ' ಎಂಬಷ್ಟೇ ಮಾತು ಸಾಕು. 'ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ', 'ಗಾಡಿ ಓಡಿಸಬೇಕು' ಎಂಬ ನೆಪಗಳನ್ನು ಹೇಳಬೇಡಿ. ನೆಪ ಹೇಳಿದರೆ, ಮಾತ್ರೆ ಮುಗಿದ ದಿನ, ಗಾಡಿ ಇಲ್ಲದ ದಿನ ಕುಡಿಯುತ್ತೀರಿ ಎಂದೇ ಅವರು ತಿಳಿಯುತ್ತಾರೆ. ಎರಡನೇ ಸಲ ಒತ್ತಾಯಿಸಿದರೆ ಅದೇ ಮಾತನ್ನು ನಗುತ್ತಾ ಹೇಳಿ, ಮೂರನೇ ಸಲ ಒತ್ತಾಯಿಸಿದರೆ ಎದ್ದು ಹೆಂಗಸರು ಮಕ್ಕಳು ಇರುವ ಕಡೆ ಬನ್ನಿ. ಕೈಯಲ್ಲಿ ತುಂಬಿದ ಶರಬತ್ತಿನ ಗ್ಲಾಸ್ ಇದ್ದರೆ ಬೇರೆ ಗ್ಲಾಸ್ ಕೊಡಲು ಬರುವವರು ಕಡಿಮೆ. ನಿಮ್ಮಂತೆಯೇ ಕುಡಿಯದ ಒಬ್ಬ ಗೆಳೆಯನ ಜೊತೆ ಹೋಗಿ, ಅವನ ಜೊತೆಯೇ ವಾಪಸ್ ಬನ್ನಿ. ಕುಡಿದವರು ಓಡಿಸುವ ವಾಹನವನ್ನು ಹತ್ತಬೇಡಿ, ಅವರು ಸ್ವಂತ ಮಾವನಾಗಿದ್ದರೂ ಸರಿ. ಪ್ರತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಡಿ ಅದು ಅಪರಾಧ. ಮೊದಲ ಸಲವೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು.

'ಕಾನಾ ಊರಿನಲ್ಲಿ ಯೇಸುವೇ ದ್ರಾಕ್ಷಾರಸ ಮಾಡಲಿಲ್ಲವೇ?'

ಈ ಪ್ರಶ್ನೆಯನ್ನು ಕೇಳುವವರು ಸಿಕ್ಕೇ ಸಿಗುತ್ತಾರೆ, ಕೈಯಲ್ಲಿ ಗ್ಲಾಸ್ ಹಿಡಿದೇ ಕೇಳುತ್ತಾರೆ. ಪ್ರಾಮಾಣಿಕವಾಗಿ ಉತ್ತರಿಸಿ. ಹೌದು, ಆ ಊರಿನ ಮದುವೆಯಲ್ಲಿ ನೀರನ್ನು ದ್ರಾಕ್ಷಾರಸ ಮಾಡಿದನು. ಹೊಟ್ಟೆಯ ಬಾಧೆಗಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಪೌಲನು ತಿಮೊಥೆಯನಿಗೆ ಬರೆದದ್ದೂ ನಿಜ. ಸತ್ಯವೇದ ಖಂಡಿಸುವುದು ಮತ್ತರಾಗುವುದನ್ನು. ಇದನ್ನು ಮುಚ್ಚಿಟ್ಟು ಮಕ್ಕಳಿಗೆ ಕಲಿಸಿದರೆ ನಾಳೆ ಅವರೇ ಓದಿ ನಮ್ಮ ಮಾತನ್ನು ನಂಬದಾಗುತ್ತಾರೆ.

ಆದರೂ ಒಂದು ಹನಿಯೂ ಬೇಡ ಎಂದೇ ನಾನು ಹೇಳುತ್ತೇನೆ. ಇಂದು ನಮ್ಮ ಅಂಗಡಿಗಳಲ್ಲಿ ಸಿಗುವ ವಿಸ್ಕಿ, ಬ್ರಾಂಡಿ, ರಮ್‌ನಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಮದ್ಯಸಾರವಿರುತ್ತದೆ. ಭಟ್ಟಿ ಇಳಿಸಿದ ಇಂತಹ ಮದ್ಯ ಕಾನಾ ಊರಿನವರ ಬಳಿ ಇರಲಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಪಟ್ಟಿಯಲ್ಲಿ, ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಮದ್ಯ ಸೇರಿದ್ದು 1988ರಲ್ಲಿ. ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಇದಕ್ಕಿಂತ ನನಗೆ ಮುಖ್ಯವಾದದ್ದು ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೇ ಅಧ್ಯಾಯದ 21ನೇ ವಚನ: ಸಹೋದರನಿಗೆ ಎಡವಲು ಕಾರಣವಾಗುವುದಾದರೆ ದ್ರಾಕ್ಷಾರಸವನ್ನು ಬಿಡುವುದೇ ಒಳ್ಳೆಯದು. ನಿಮಗೆ ಒಂದು ಗ್ಲಾಸಿಗೆ ನಿಲ್ಲಿಸುವ ಶಕ್ತಿ ಇರಬಹುದು. ಅದೇ ಮೇಜಿನಲ್ಲಿ ಕುಳಿತ ಹುಡುಗನಿಗೆ ಇದೆಯೇ ಎಂದು ಯಾರಿಗೂ ಮೊದಲೇ ತಿಳಿಯುವುದಿಲ್ಲ. ಯೆರೆಮೀಯನ 35ನೇ ಅಧ್ಯಾಯದ ರೇಕಾಬ್ಯರ ಮುಂದೆ ಪ್ರವಾದಿಯೇ ದೇವಾಲಯದ ಕೋಣೆಯಲ್ಲಿ ದ್ರಾಕ್ಷಾರಸವಿಟ್ಟು ಕುಡಿಯಿರಿ ಎಂದಾಗಲೂ, ನಮ್ಮ ತಂದೆಯ ಮಾತಿದೆ, ನಾವು ಕುಡಿಯುವುದಿಲ್ಲ ಎಂದರು. ಮನೆತನದ ಒಂದು ನಿಯಮಕ್ಕೆ ಅಷ್ಟು ಬಲವಿತ್ತು.

ಸಭೆ 'ಬೇಡ' ಎಂದಾಗ ಅದರ ಬದಲಿಗೆ ಏನನ್ನಾದರೂ ಕೊಡಬೇಕು ಎಂಬುದಕ್ಕೆ ನಮ್ಮ ಚರಿತ್ರೆಯಲ್ಲೇ ನಿದರ್ಶನಗಳಿವೆ. 1869ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಥಾಮಸ್ ವೆಲ್ಚ್ ಎಂಬ ಮೆಥೋಡಿಸ್ಟ್ ದಂತವೈದ್ಯ, ಕರ್ತನ ಭೋಜನಕ್ಕೆಂದು ಹುಳಿಯದ ದ್ರಾಕ್ಷಿ ರಸವನ್ನು ತಯಾರಿಸಿದನು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನ ಸಭೆಗಳಿಗೆ ಬಿಲ್ಲವ ಸಮುದಾಯದವರು ಹಲವರು ಸೇರಿದರು. ಶೇಂದಿ ಇಳಿಸುವುದು ಆ ಸಮುದಾಯದ ಹಳೆಯ ಕಸುಬುಗಳಲ್ಲೊಂದು. ಸಭೆಗೆ ಸೇರಿ ಕಸುಬನ್ನೂ ನೆಂಟರನ್ನೂ ಕಳೆದುಕೊಂಡವರಿಗೆ ಮಿಷನ್ ನೇಯ್ಗೆ, ಮುದ್ರಣ, ಹೆಂಚಿನ ಕೆಲಸ ಕೊಟ್ಟಿತು. ಮಂಗಳೂರಿನ ಜೆಪ್ಪುವಿನಲ್ಲಿ ಮಿಷನರಿ ಪ್ಲೆಬ್ಸ್ಟ್ ಆರಂಭಿಸಿದ ಹೆಂಚಿನ ಕಾರ್ಖಾನೆ 1865ರದು.

ಮನೆಯಲ್ಲಿ ಈಗಾಗಲೇ ಕುಡಿಯುವವರಿದ್ದರೆ

ಕುಡಿದು ಬಂದ ರಾತ್ರಿ ವಾದ ಮಾಡಬೇಡಿ. ಬೆಳಗ್ಗೆ, ಮಕ್ಕಳಿಲ್ಲದ ಹೊತ್ತಿನಲ್ಲಿ, ಹಿಂದಿನ ದಿನ ಏನಾಯಿತೆಂದು ಇದ್ದದ್ದು ಇದ್ದಂತೆ ಹೇಳಿ. ಅವರ ಪರವಾಗಿ ಕಚೇರಿಗೆ ಫೋನ್ ಮಾಡಿ ಜ್ವರವೆಂದು ಸುಳ್ಳು ಹೇಳಬೇಡಿ, ಅವರ ಸಾಲವನ್ನು ಗುಟ್ಟಾಗಿ ತೀರಿಸಬೇಡಿ. ಹೊಡೆತ ಬಡಿತ ಇದ್ದರೆ ಮಕ್ಕಳನ್ನು ಕರೆದುಕೊಂಡು ಸುರಕ್ಷಿತ ಜಾಗಕ್ಕೆ ಹೋಗಿ. ಮಹಿಳಾ ಸಹಾಯವಾಣಿ 181, ತುರ್ತು ಸಂಖ್ಯೆ 112. ತಾಳ್ಮೆಯಿಂದಿರು, ಪ್ರಾರ್ಥಿಸು ಎಂದು ಹೇಳಿ ಅಂತಹ ಹೆಣ್ಣುಮಗಳನ್ನು ಅದೇ ಮನೆಗೆ ವಾಪಸ್ ಕಳುಹಿಸುವ ಹಿರಿಯರು ಅವಳ ಜೀವವನ್ನು ಅಪಾಯಕ್ಕೆ ಒಡ್ಡುತ್ತಾರೆ.

ಇನ್ನೆರಡು ಮಾತುಗಳನ್ನು ಒತ್ತಿ ಹೇಳಬೇಕು. ವರ್ಷಗಟ್ಟಲೆ ದಿನವೂ ಕುಡಿದವರು ಒಂದು ಉಪವಾಸ ಪ್ರಾರ್ಥನೆಯ ಕೂಟದಲ್ಲಿ ತೀರ್ಮಾನಿಸಿ ಥಟ್ಟನೆ ಬಿಟ್ಟರೆ ದೇಹಕ್ಕೆ ಅಪಾಯವಿದೆ. ಮೊದಲ ದಿನವೇ ಕೈ ನಡುಕ, ಬೆವರು, ನಿದ್ರೆಯಿಲ್ಲದ ರಾತ್ರಿ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನ ಇಲ್ಲದ್ದು ಕಂಡು, ಇಲ್ಲದ ದನಿ ಕೇಳಿ, ತಾನು ಎಲ್ಲಿದ್ದೇನೆಂದೇ ತಿಳಿಯದಂತೆ ಆಗಬಹುದು. ಇದನ್ನು ದೆವ್ವದ ಕಾಟವೆಂದು ಭಾವಿಸಿ ಮನೆಯಲ್ಲೇ ಇಟ್ಟುಕೊಂಡರೆ ಪ್ರಾಣಕ್ಕೆ ಅಪಾಯ. ಕೂಡಲೇ ಆಸ್ಪತ್ರೆಗೆ ಸೇರಿಸಿ. ಎರಡನೆಯದು, ಊಟದಲ್ಲಿ ಗುಟ್ಟಾಗಿ ಮಾತ್ರೆ ಬೆರೆಸುವುದು. ಡೈಸಲ್ಫಿರಾಮ್ ಎಂಬ ಮಾತ್ರೆ ದೇಹದಲ್ಲಿರುವಾಗ ಕುಡಿದರೆ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತ ಉಂಟಾಗಿ ಸಾವೂ ಸಂಭವಿಸಬಹುದು. ಅದು ರೋಗಿಗೆ ತಿಳಿದು, ಅವರು ಒಪ್ಪಿ, ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳಬೇಕಾದ ಔಷಧ.

ಸಹಾಯ ಹತ್ತಿರದಲ್ಲೇ ಇದೆ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. 14446 ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ, 14416 ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್; ಇಲ್ಲಿ ಕನ್ನಡದಲ್ಲೇ ಮಾತನಾಡಬಹುದು. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಆರಂಭವಾದ, ಕುಡಿತ ಬಿಡಲು ಬಯಸುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಭೆಗಳು ನಮ್ಮ ರಾಜ್ಯದಲ್ಲೂ ನಡೆಯುತ್ತವೆ. ಅಲ್ಲಿ ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಾಗಿಲ್ಲ. ಕುಡಿಯುವವರ ಮನೆಯವರಿಗೆಂದು ಆಲ್-ಅನಾನ್ ಕೂಟಗಳಿವೆ. ನಿಮ್ಮ ಸಭೆಗೆ ಖಾಲಿ ಕೋಣೆ ಇದ್ದರೆ ವಾರಕ್ಕೊಂದು ಸಂಜೆ ಇಂತಹ ಸಭೆಗೆ ಬಿಟ್ಟುಕೊಡಿ.

ಚಿಕಿತ್ಸೆ ಮುಗಿಸಿ ಬಂದವರನ್ನು ಮರುವಾರವೇ ವೇದಿಕೆ ಹತ್ತಿಸಿ ಸಾಕ್ಷಿ ಹೇಳಿಸಬೇಡಿ, ಕೆಲವು ತಿಂಗಳು ಸುಮ್ಮನೆ ಬಿಡಿ. ಅವರು ಹಿಂದೆ ಕುಡಿಯುತ್ತಿದ್ದ ಹೊತ್ತು ಯಾವುದೆಂದು ಕೇಳಿಕೊಂಡು, ಆ ಹೊತ್ತಿಗೆ ಸರಿಯಾಗಿ ಫೋನ್ ಮಾಡಲು ಸಭೆಯ ಇಬ್ಬರನ್ನು ನೇಮಿಸಿ. ಮತ್ತೆ ಕುಡಿದರೆಂದು ಗೊತ್ತಾದರೆ ಹಿರಿಯರ ಸಭೆ ಕರೆದು ವಿಚಾರಣೆ ನಡೆಸುವುದಕ್ಕಿಂತ ಮೊದಲು ಅದೇ ವೈದ್ಯರ ಬಳಿ ಅದೇ ವಾರ ಕರೆದುಕೊಂಡು ಹೋಗಿ. ಬಿಟ್ಟವರು ಮತ್ತೆ ಹಿಡಿಯುವುದು ಈ ಕಾಯಿಲೆಯಲ್ಲಿ ಸಾಮಾನ್ಯ, ಅದಕ್ಕೂ ವೈದ್ಯರಲ್ಲಿ ಚಿಕಿತ್ಸೆ ಇದೆ. ಜೂನ್‌ನಲ್ಲಿ ಶಾಲೆ ಕಾಲೇಜು ಆರಂಭವಾದ ಮೇಲೂ ಆ ಇಬ್ಬರು ಫೋನ್ ಮಾಡುವುದನ್ನು ನಿಲ್ಲಿಸದಂತೆ ಸಭೆಯ ಕಾರ್ಯದರ್ಶಿ ನೋಡಿಕೊಳ್ಳಲಿ.